ಪ್ರಾಸ್ಟೇಟ್ ಆಪರೇಷನ್: ಟರ್ಪ್, ಲೇಸರ್, ಹಬೆ, ಕ್ಲಿಪ್... ಯಾರಿಗೆ ಯಾವುದು?

ಪ್ರಾಸ್ಟೇಟ್ ದಪ್ಪವಾಗಿದೆ, ಮಾತ್ರೆ ಸಾಲುತ್ತಿಲ್ಲ, ಆಪರೇಷನ್ ಬಗ್ಗೆ ಯೋಚನೆ ಮಾಡಿ ಅಂತ ಡಾಕ್ಟರ್ ಹೇಳಿದ ದಿನದಿಂದ ಹುಡುಕಾಟ ಶುರುವಾಗುತ್ತದೆ. ಒಬ್ಬರು ಟರ್ಪ್ ಅನ್ನುತ್ತಾರೆ. ಇನ್ನೊಬ್ಬರು ಲೇಸರ್ ಅನ್ನುತ್ತಾರೆ. ಮಗ ಫೋನಿನಲ್ಲಿ ನೋಡಿ, ಹಬೆ ಬಿಟ್ಟು ಕರಗಿಸುತ್ತಾರಂತೆ ಅನ್ನುತ್ತಾನೆ. ಹೆಸರುಗಳು ಎಂಟು-ಹತ್ತು ಇವೆ. ಎಲ್ಲದರ ಪಕ್ಕದಲ್ಲೂ ‘ಸುರಕ್ಷಿತ, ಬೇಗ ಗುಣ’ ಅಂತಲೇ ಬರೆದಿರುತ್ತದೆ. ಗೊಂದಲ ಆಗದೆ ಇನ್ನೇನು?

ಯಂತ್ರದ ಹೆಸರಿನಿಂದ ಶುರು ಮಾಡಿದರೆ ಈ ಗೊಂದಲ ಮುಗಿಯುವುದೇ ಇಲ್ಲ. ನಿಮ್ಮ ಗ್ರಂಥಿಯ ಅಳತೆಯಿಂದ ಶುರು ಮಾಡಿ. ಹತ್ತು ಹೆಸರು ಎರಡು-ಮೂರಕ್ಕೆ ಇಳಿಯುತ್ತವೆ. ಆಮೇಲೆ ಉಳಿಯುವುದು ಒಂದು ಮುಖ್ಯ ಪ್ರಶ್ನೆ. ಗ್ರಂಥಿಯನ್ನು ಜಾಸ್ತಿ ತೆಗೆದರೆ ಮೂತ್ರ ಸಲೀಸಾಗಿ ಬರುತ್ತದೆ, ಆ ಫಲ ಬಹಳ ವರ್ಷ ನಿಲ್ಲುತ್ತದೆ. ಆದರೆ ವೀರ್ಯ ಹೊರಗೆ ಬರುವುದು ನಿಂತುಹೋಗುವ ಸಂಭವ ಜಾಸ್ತಿ. ಕಡಿಮೆ ಮುಟ್ಟಿದರೆ ಅದು ಉಳಿಯುತ್ತದೆ. ಆದರೆ ಸಿಗುವ ಸುಧಾರಣೆ ಸ್ವಲ್ಪ ಕಡಿಮೆ, ಕೆಲವು ವರ್ಷಗಳ ಮೇಲೆ ಮತ್ತೆ ಆಪರೇಷನ್ ಬೇಕಾಗುವ ಸಂಭವವೂ ಇದೆ. ನಿಮಗೆ ಇದರಲ್ಲಿ ಯಾವುದು ಮುಖ್ಯ?

ಆಪರೇಷನ್ ಬೇಕೇ ಬೇಕಾ?

ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ ಗ್ರಂಥಿ. ಹರೆಯದಲ್ಲಿ ಸುಮಾರು 20 ಮಿ.ಲೀ. ಇರುತ್ತದೆ. ವಯಸ್ಸಾದಂತೆ ಒಳಭಾಗ ಬೆಳೆದು ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ, ಇದೇ ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಗ್ರಂಥಿ ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಮಾಡುವುದೂ ಇಲ್ಲ. 80 ಮಿ.ಲೀ. ಇದ್ದೂ ಆರಾಮಾಗಿ ಇರುವವರಿದ್ದಾರೆ. 35 ಇದ್ದು ರಾತ್ರಿಯೆಲ್ಲಾ ಒದ್ದಾಡುವವರೂ ಇದ್ದಾರೆ.

ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ಮೂತ್ರ ಪೂರ್ತಿ ಕಟ್ಟಿಕೊಂಡು, ಕ್ಯಾಥೆಟರ್ (ಮೂತ್ರ ಹೊರಗೆ ಹರಿಸಲು ಹಾಕುವ ಕೊಳವೆ) ತೆಗೆದರೆ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ, ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಹಾಳಾಗುತ್ತಿದ್ದರೆ, ಮೂತ್ರಕೋಶದಲ್ಲಿ ಕಲ್ಲು ಬಂದಿದ್ದರೆ, ಸೋಂಕು ಅಥವಾ ರಕ್ತ ಪದೇ ಪದೇ ಬರುತ್ತಿದ್ದರೆ, ಆಪರೇಷನ್ ಮುಂದೂಡುವುದರಲ್ಲಿ ಅರ್ಥವಿಲ್ಲ.

ಉಳಿದವರಿಗೆ ಯೋಚಿಸಲು ಸಮಯ ಇದೆ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ಥರದ ಮಾತ್ರೆಗಳು ಸ್ನಾಯು ಸಡಿಲ ಮಾಡುತ್ತವೆ. ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಫಲ ಗೊತ್ತಾಗುತ್ತದೆ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಅದಕ್ಕೆ ಆರು ತಿಂಗಳಾದರೂ ಬೇಕು. ಎರಡು ತಿಂಗಳು ತಿಂದು ‘ಪ್ರಯೋಜನ ಇಲ್ಲ’ ಅಂತ ಬಿಟ್ಟವರು ಅದನ್ನು ನಿಜಕ್ಕೂ ಪ್ರಯತ್ನಿಸಿಲ್ಲ. ಹಾಗಂತ ತಲೆ ಸುತ್ತು, ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಇತ್ಯಾದಿ ತೊಂದರೆಗಳನ್ನು ಸಹಿಸಿಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವುದೇ ಸರಿ ಅಂತಲೂ ಅಲ್ಲ.

ತುಂಬಾ ಕಾಯುವುದಕ್ಕೂ ಬೆಲೆ ಇದೆ. ವರ್ಷಾನುಗಟ್ಟಲೆ ಅಡ್ಡಿಯ ವಿರುದ್ಧ ಒತ್ತಿ ಒತ್ತಿ ಮೂತ್ರಕೋಶದ ಸ್ನಾಯುವೇ ಸೋತುಹೋಗಬಹುದು. ಆಮೇಲೆ ದಾರಿ ಎಷ್ಟೇ ಅಗಲ ಮಾಡಿದರೂ, ಒತ್ತುವ ಶಕ್ತಿ ಇಲ್ಲದಿದ್ದರೆ ಧಾರೆ ಬರುವುದಿಲ್ಲ.

ಮೊದಲು ಈ ಅಳತೆಗಳು ಕೈಯಲ್ಲಿರಲಿ

ಗ್ರಂಥಿಯ ಗಾತ್ರ ಸ್ಕ್ಯಾನಿಂಗ್ ರಿಪೋರ್ಟಿನಲ್ಲೇ ಇರುತ್ತದೆ, ಗ್ರಾಂ ಅಥವಾ ಮಿ.ಲೀ. ಅಂತ. ಎರಡೂ ಹೆಚ್ಚುಕಡಿಮೆ ಒಂದೇ. 30ಕ್ಕಿಂತ ಕಡಿಮೆ ಇದ್ದರೆ ಚಿಕ್ಕದು, 30ರಿಂದ 80 ಮಧ್ಯಮ, 80 ದಾಟಿದರೆ ದೊಡ್ಡದು. ಈ 80 ಅನ್ನುವ ಗಡಿಯನ್ನು ನೆನಪಿಡಿ, ಮುಂದೆ ಪದೇ ಪದೇ ಬರುತ್ತದೆ.

ಎರಡನೆಯದು ಆಕಾರ. ಕೆಲವರಲ್ಲಿ ಗ್ರಂಥಿಯ ಮಧ್ಯದ ಹಾಲೆ ಮೇಲಕ್ಕೆ ಬೆಳೆದು ಮೂತ್ರಕೋಶದೊಳಗೆ ಚಾಚಿಕೊಂಡಿರುತ್ತದೆ. ಡಾಕ್ಟರುಗಳು ಮೀಡಿಯನ್ ಲೋಬ್ ಅನ್ನುವುದು ಇದನ್ನೇ. ಒತ್ತಿದಾಗಲೆಲ್ಲ ಇದು ಮೂತ್ರಕೋಶದ ಬಾಯಿಗೆ ಅಡ್ಡ ಬರುತ್ತದೆ. ಇದು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಕೆಲವು ವಿಧಾನಗಳು ಪಟ್ಟಿಯಿಂದಲೇ ಬಿದ್ದುಹೋಗುತ್ತವೆ.

ಮೂರನೆಯದು ಮೂತ್ರಕೋಶದ ಸ್ಥಿತಿ. ಯೂರೋಫ್ಲೋ ಯಂತ್ರದಲ್ಲಿ ಮೂತ್ರ ಮಾಡಿದಾಗ ಧಾರೆಯ ವೇಗ ಗೊತ್ತಾಗುತ್ತದೆ. ಸೆಕೆಂಡಿಗೆ 15 ಮಿ.ಲೀ. ದಾಟಿದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 10ಕ್ಕಿಂತ ಕಡಿಮೆ ಇದ್ದರೆ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ಆದರೆ ವೇಗ ಕಡಿಮೆಯಾಗಲು ಅಡ್ಡಿಯೇ ಕಾರಣವೋ, ಸ್ನಾಯುವಿನ ಸೋಲು ಕಾರಣವೋ ಈ ಯಂತ್ರ ಹೇಳುವುದಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ಸ್, ಬೆನ್ನುಹುರಿಯ ತೊಂದರೆ ಇರುವವರು, ಮೂತ್ರ ಮಾಡಿದ ಮೇಲೂ ಬಹಳಷ್ಟು ಉಳಿಯುತ್ತಿರುವವರು ಮೂತ್ರಕೋಶ ಒತ್ತುವ ಶಕ್ತಿ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಬೇಕಾ ಅಂತ ಕೇಳಲೇಬೇಕು. ಆ ಪರೀಕ್ಷೆ ಸ್ವಲ್ಪ ಮುಜುಗರದ್ದು, ನಿಜ. ಫಲ ಕೊಡದ ಆಪರೇಷನ್‌ಗಿಂತ ಆ ಮುಜುಗರ ವಾಸಿ.

ಜೊತೆಗೆ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ನೋಡುವ ರಕ್ತಪರೀಕ್ಷೆ. ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಆರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದರೆ ಪಿಎಸ್‌ಎ ಅರ್ಧದಷ್ಟೇ ಕಾಣಿಸುತ್ತದೆ. ಮಾತ್ರೆ ವಿಷಯ ಹೇಳದಿದ್ದರೆ ಡಾಕ್ಟರ್ ಲೆಕ್ಕ ತಪ್ಪುತ್ತದೆ.

ಕೊನೆಯದಾಗಿ, ರಕ್ತ ತೆಳು ಮಾಡುವ ಮಾತ್ರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಪಿಕ್ಸಬಾನ್ ಏನೇ ಇರಲಿ, ಮೊದಲ ಭೇಟಿಯಲ್ಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ. ಹೃದಯದಲ್ಲಿ ಸ್ಟೆಂಟ್ ಇರುವವರು ಸುಮ್ನೆ ನಿಲ್ಲಿಸಿದರೆ ಪ್ರಾಸ್ಟೇಟ್‌ಗಿಂತ ದೊಡ್ಡ ಅಪಾಯ ಎದುರಾಗಬಹುದು. ಯೂರಾಲಜಿಸ್ಟ್ ಮತ್ತು ಹೃದಯದ ಡಾಕ್ಟರ್ ಇಬ್ಬರೂ ಮಾತಾಡಿಕೊಂಡು ನಿರ್ಧರಿಸಲಿ.

ಟರ್ಪ್: ಹಳೆಯದು, ಆದರೆ ಸವೆದಿಲ್ಲ

ರಿಪೋರ್ಟಿನಲ್ಲಿ ಟಿಯುಆರ್‌ಪಿ ಅಂತ ಬರೆದಿರುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದ ಮೂಲಕ ಉಪಕರಣ ಹಾಕಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯ ಒಳಭಾಗವನ್ನು ಚೂರು ಚೂರಾಗಿ ಕೆತ್ತಿ ತೆಗೆಯುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಮಾಡುವುದೇ ಹೆಚ್ಚು. ಒಂದು ಗಂಟೆ, ಒಂದೂವರೆ ಗಂಟೆಯ ಕೆಲಸ. ಆಸ್ಪತ್ರೆಯಲ್ಲಿ ಒಂದರಿಂದ ಮೂರು ದಿನ. ಕ್ಯಾಥೆಟರ್ ಕೂಡ ಹೆಚ್ಚುಕಡಿಮೆ ಅಷ್ಟೇ ದಿನ.

ಹೊಸ ವಿಧಾನ ಯಾವುದು ಬಂದರೂ ಅದನ್ನು ಅಳೆಯುವುದು ಟರ್ಪ್ ಪಕ್ಕದಲ್ಲಿಟ್ಟೇ. ಧಾರೆಯ ವೇಗ ಸೆಕೆಂಡಿಗೆ ಸುಮಾರು 10 ಮಿ.ಲೀ.ನಷ್ಟು ಏರುತ್ತದೆ. ಮತ್ತೆ ಆಪರೇಷನ್ ಬೇಕಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ. ತೆಗೆದ ಚೂರುಗಳು ಲ್ಯಾಬಿಗೆ ಹೋಗುತ್ತವೆ, ಗೊತ್ತಿಲ್ಲದ ಕ್ಯಾನ್ಸರ್ ಇದ್ದರೆ ಕಾಣಿಸುತ್ತದೆ.

ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: ಮೋನೋಪೋಲಾರೋ, ಬೈಪೋಲಾರೋ? ಹಳೆಯ ಮೋನೋಪೋಲಾರ್‌ನಲ್ಲಿ ಗ್ಲೈಸಿನ್‌ನಂಥ ದ್ರವ ಹರಿಸುತ್ತಾರೆ. ಆಪರೇಷನ್ ಉದ್ದವಾದರೆ ಅದು ರಕ್ತಕ್ಕೆ ಸೇರಿ ಸೋಡಿಯಂ ಇಳಿಸಬಹುದು. ಅಪರೂಪ, ಆದರೆ ಗಂಭೀರ. ಬೈಪೋಲಾರ್‌ನಲ್ಲಿ ಸಲೈನ್ ಬಳಸುವುದರಿಂದ ಆ ಭಯ ಇಲ್ಲ. ಆಯ್ಕೆ ಇದ್ದರೆ ಬೈಪೋಲಾರ್ ಅನ್ನಿ.

ಟರ್ಪ್‌ನ ಮಿತಿ ಗಾತ್ರ. 80 ದಾಟಿದ ಗ್ರಂಥಿಯನ್ನು ಕೆತ್ತಲು ಸಮಯ ಜಾಸ್ತಿ ಬೇಕು, ರಕ್ತವೂ ಜಾಸ್ತಿ ಹೋಗುತ್ತದೆ. ಮುಂದೆ ಕೆಲವರಲ್ಲಿ ನಾಳ ಕಿರಿದಾಗುವ ತೊಂದರೆಯೂ ಬರುತ್ತದೆ. ಇನ್ನು ಗ್ರಂಥಿ 30ರೊಳಗೆ ಇದ್ದು ಮಧ್ಯದ ಹಾಲೆ ಇಲ್ಲದಿದ್ದರೆ, ಕೆತ್ತುವುದೇ ಬೇಡ. ಮೂತ್ರಕೋಶದ ಕತ್ತಿನಲ್ಲಿ ಒಂದೆರಡು ಗಾಯ ಮಾಡಿ ಬಿಗಿ ಸಡಿಲಿಸುವ ಚಿಕ್ಕ ಆಪರೇಷನ್ ಸಾಕಾಗುತ್ತದೆ. ಅದರ ಹೆಸರು ಟಿಯುಐಪಿ. ಪಾಪ, ಯಾರೂ ಅದರ ಜಾಹೀರಾತು ಹಾಕುವುದಿಲ್ಲ.

ಹೋಲೆಪ್: ದೊಡ್ಡ ಗ್ರಂಥಿಗೆ ನನ್ನ ಮೊದಲ ಆಯ್ಕೆ

‘ಲೇಸರ್ ಆಪರೇಷನ್’ ಅನ್ನುವ ಮಾತಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದರಲ್ಲಿ ಲೇಸರ್ ಗ್ರಂಥಿಯನ್ನು ಸುಟ್ಟು ಆವಿ ಮಾಡುತ್ತದೆ. ಇನ್ನೊಂದರಲ್ಲಿ ಬಿಡಿಸುತ್ತದೆ. ಲೇಸರ್ ಅಂತ ಹೇಳಿದ ಕೂಡಲೇ ಯಾವ ಲೇಸರ್ ಅಂತ ಕೇಳಬೇಕಾಗಿರುವುದು ಅದಕ್ಕೇ.

ಹೋಲೆಪ್ ಬಿಡಿಸುವ ಜಾತಿ. ಹೋಲ್ಮಿಯಂ ಲೇಸರ್‌ನಿಂದ, ಬೆಳೆದ ಒಳಭಾಗವನ್ನು ಹೊರಗಿನ ಕವಚದಿಂದ ಬೇರ್ಪಡಿಸುತ್ತಾರೆ. ಕಿತ್ತಳೆ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದ ಹಾಗೆ. ಬಿಡಿಸಿದ್ದನ್ನು ಮೂತ್ರಕೋಶದೊಳಗೆ ತಳ್ಳಿ, ಮಾರ್ಸಲೇಟರ್ ಅನ್ನುವ ಉಪಕರಣದಿಂದ ಪುಡಿ ಮಾಡಿ ಹೀರುತ್ತಾರೆ. ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಥೂಲಿಯಂ ಲೇಸರ್ ಬಳಸಿ ಇದೇ ಕೆಲಸ ಮಾಡಿದರೆ ಥೂಲೆಪ್ ಅನ್ನುತ್ತಾರೆ. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಇದರ ದೊಡ್ಡ ಗುಣ, ಗಾತ್ರದ ಹಂಗಿಲ್ಲ. 50 ಇರಲಿ, 150 ಇರಲಿ, ಮೂತ್ರನಾಳದ ಮೂಲಕವೇ ಆಗುತ್ತದೆ. ರಕ್ತ ಹೋಗುವುದು ಟರ್ಪ್‌ಗಿಂತ ಕಡಿಮೆ, ಹಾಗಾಗಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೂ ಯೋಚಿಸಬಹುದು. ಕ್ಯಾಥೆಟರ್ ಬಹಳ ಜನಕ್ಕೆ ಮರುದಿನವೇ ಹೋಗುತ್ತದೆ. ಬೆಳೆದ ಭಾಗ ಹೆಚ್ಚುಕಡಿಮೆ ಪೂರ್ತಿ ಹೋಗುವುದರಿಂದ ಮತ್ತೆ ಬೆಳೆದು ತೊಂದರೆ ಕೊಡುವುದು ಬಹಳ ಅಪರೂಪ. ಲ್ಯಾಬಿಗೆ ಕಳಿಸಲು ಚೂರುಗಳೂ ಸಿಗುತ್ತವೆ.

ಹಾಗಾದರೆ ಎಲ್ಲರೂ ಯಾಕೆ ಇದನ್ನೇ ಮಾಡುವುದಿಲ್ಲ? ಕಲಿಯಲು ಕಷ್ಟ. ಒಬ್ಬ ಸರ್ಜನ್ ಕೈ ಪಳಗಲು ಸುಮಾರು 50 ಆಪರೇಷನ್ ಆದರೂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅಲ್ಲದೆ, ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಜಿನುಗುವುದು ಟರ್ಪ್‌ಗಿಂತ ಇದರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಕೆಲವು ವಾರಗಳಿಂದ ಮೂರು-ನಾಲ್ಕು ತಿಂಗಳೊಳಗೆ ನಿಲ್ಲುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ. ಆದರೂ ಇದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರಿಹೋಗುತ್ತಾರೆ.

ಇಲ್ಲಿ ನನ್ನ ಮಾತು ನೇರ. 60 ಮಿ.ಲೀ. ಗ್ರಂಥಿಗೆ, ನೂರಾರು ಟರ್ಪ್ ಮಾಡಿದ ಕೈ ಒಂದು ಕಡೆ, ಈಗಷ್ಟೇ ಹೋಲೆಪ್ ಕಲಿಯುತ್ತಿರುವ ಕೈ ಇನ್ನೊಂದು ಕಡೆ ಇದ್ದರೆ, ಟರ್ಪ್ ಕಡೆ ಹೋಗಿ. 120 ಮಿ.ಲೀ. ಗ್ರಂಥಿ ಇದ್ದರೆ ಸ್ವಲ್ಪ ದೂರ ಪ್ರಯಾಣ ಮಾಡಿಯಾದರೂ ಹೋಲೆಪ್‌ನಲ್ಲಿ ಪಳಗಿದವರನ್ನು ಹುಡುಕಿ.

ಗ್ರೀನ್‌ಲೈಟ್

ಇದು ಸುಟ್ಟು ಆವಿ ಮಾಡುವ ಲೇಸರ್. 532 ನ್ಯಾನೋಮೀಟರಿನ ಹಸಿರು ಬೆಳಕು. ರಕ್ತದ ಹಿಮೋಗ್ಲೋಬಿನ್ ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಆದ್ದರಿಂದ ಸುಟ್ಟ ಕಡೆಯೇ ರಕ್ತನಾಳ ಮುಚ್ಚಿಕೊಳ್ಳುತ್ತದೆ. ರಕ್ತ ತೆಳುವಿನ ಮಾತ್ರೆ ನಿಲ್ಲಿಸಲು ಆಗದವರಿಗೆ ಇದು ಒಳ್ಳೆಯ ದಾರಿ. ಎಲ್ಲ ಆವಿಯಾಗಿ ಹೋಗುವುದರಿಂದ ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಪಿಎಸ್‌ಎ ಬಗ್ಗೆ ಅನುಮಾನ ಇದ್ದರೆ ಅದನ್ನು ಮೊದಲೇ ಬಗೆಹರಿಸಿಕೊಳ್ಳಬೇಕು.

ಕ್ಲಿಪ್ ಮತ್ತು ಹಬೆ: ಕಡಿಮೆ ಮುಟ್ಟುವ ಜೋಡಿ

ಯೂರೋಲಿಫ್ಟ್‌ನಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಚಿಕ್ಕ ಚಿಕ್ಕ ಕ್ಲಿಪ್‌ಗಳಿಂದ ಗ್ರಂಥಿಯ ಎರಡು ಬದಿಗಳನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರೆ. ನಡುವೆ ದಾರಿ ತೆರೆದುಕೊಳ್ಳುತ್ತದೆ. ಅದೇ ದಿನ ಮನೆಗೆ. ಬಹಳ ಜನಕ್ಕೆ ಕ್ಯಾಥೆಟರ್ ಬೇಕಾಗುವುದಿಲ್ಲ, ಬೇಕಾದರೂ ಒಂದು ದಿನ. ವೀರ್ಯ ಬರುವುದಕ್ಕೆ ಅಡ್ಡಿಯಾಗುವುದಿಲ್ಲ.

ರೆಜೂಮ್‌ನಲ್ಲಿ ನೀರಿನ ಹಬೆಯನ್ನು ಸೂಜಿಯ ಮೂಲಕ ಗ್ರಂಥಿಯೊಳಗೆ ಬಿಡುತ್ತಾರೆ. ಒಂದೊಂದು ಚುಚ್ಚಿಗೆ 9 ಸೆಕೆಂಡ್. ಶಾಖಕ್ಕೆ ಸತ್ತ ಜೀವಕೋಶಗಳನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಇದಕ್ಕೂ ಆಸ್ಪತ್ರೆಯಲ್ಲಿ ಉಳಿಯುವುದು ಬೇಡ. ವೀರ್ಯದ ವಿಷಯದಲ್ಲೂ ಬಹುಪಾಲು ಜನರಿಗೆ ಬದಲಾವಣೆ ಇರುವುದಿಲ್ಲ.

ಎರಡೂ ಒಂದೇ ಥರ ಕೇಳಿಸುತ್ತವೆ ಅಲ್ವಾ? ಚೇತರಿಕೆ ಮಾತ್ರ ಬೇರೆಯೇ. ಯೂರೋಲಿಫ್ಟ್ ಫಲ ಕೆಲವೇ ವಾರಗಳಲ್ಲಿ ಕಾಣುತ್ತದೆ. ರೆಜೂಮ್ ಆದ ಮೇಲೆ ಗ್ರಂಥಿ ಮೊದಲು ಊದಿಕೊಳ್ಳುತ್ತದೆ, ಹಾಗಾಗಿ ಕ್ಯಾಥೆಟರ್ ಮೂರರಿಂದ ಏಳು ದಿನ ಇಡುತ್ತಾರೆ. ಮೊದಲ ಎರಡು-ಮೂರು ವಾರ ಮೊದಲಿಗಿಂತ ಕಷ್ಟ ಅನ್ನಿಸಬಹುದು. ಪೂರ್ತಿ ಫಲಕ್ಕೆ ಮೂರು ತಿಂಗಳು ಕಾಯಬೇಕು. ತಾಳ್ಮೆ ಇಲ್ಲದವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಬಾಳಿಕೆಯಲ್ಲಿ ಲೆಕ್ಕ ತಿರುಗುತ್ತದೆ. ಎರಡರದ್ದೂ ಮುಖ್ಯ ಅಧ್ಯಯನಗಳನ್ನು ಐದು ವರ್ಷ ಮುಂದುವರಿಸಿದಾಗ, ಯೂರೋಲಿಫ್ಟ್ ಆದವರಲ್ಲಿ ನೂರಕ್ಕೆ 13-14 ಜನರಿಗೆ ಮತ್ತೆ ಆಪರೇಷನ್ ಬೇಕಾಯಿತು. ರೆಜೂಮ್‌ನಲ್ಲಿ ಅದು ನೂರಕ್ಕೆ ನಾಲ್ಕೈದು. ಎರಡು ಬೇರೆ ಅಧ್ಯಯನಗಳಾದ್ದರಿಂದ ನೇರ ಪಂದ್ಯ ಅಂತ ಓದಬೇಡಿ, ದಿಕ್ಕು ಮಾತ್ರ ನೋಡಿ. ಧಾರೆಯ ವೇಗವೂ ಯೂರೋಲಿಫ್ಟ್‌ನಲ್ಲಿ ಸೆಕೆಂಡಿಗೆ 3-4 ಮಿ.ಲೀ. ಮಾತ್ರ ಏರುತ್ತದೆ. ಟರ್ಪ್ ಜೊತೆ ಹೋಲಿಸಿದರೆ ಅರ್ಧವೂ ಇಲ್ಲ.

ಎರಡಕ್ಕೂ 80ರ ಗಡಿ ಹೆಚ್ಚುಕಡಿಮೆ ಅನ್ವಯಿಸುತ್ತದೆ. ಮಧ್ಯದ ಹಾಲೆ ದೊಡ್ಡದಿದ್ದರೆ ಯೂರೋಲಿಫ್ಟ್ ಸಾಮಾನ್ಯವಾಗಿ ಹೊಂದುವುದಿಲ್ಲ, ರೆಜೂಮ್‌ನಲ್ಲಿ ಅದಕ್ಕೂ ಹಬೆ ಕೊಡಬಹುದು. ಕ್ಲಿಪ್‌ನಲ್ಲಿ ಲೋಹ ಇರುವುದರಿಂದ ಮುಂದೆ ಎಂಆರ್‌ಐ ಮಾಡಿಸುವಾಗ ಹೇಳಬೇಕು.

ಐವತ್ತೈದರ ಆಸುಪಾಸಿನವರು, ಗ್ರಂಥಿ 40-50, ತೊಂದರೆ ಮಧ್ಯಮ, ಲೈಂಗಿಕ ಜೀವನ ಮುಖ್ಯ, ಕೆಲವು ವರ್ಷದ ಮೇಲೆ ಇನ್ನೊಂದು ಆಪರೇಷನ್ ಆದರೂ ಪರವಾಗಿಲ್ಲ ಅನ್ನುವವರಿಗೆ ಈ ಜೋಡಿ ಹೊಂದುತ್ತದೆ. ಮೂತ್ರ ಪೂರ್ತಿ ಕಟ್ಟಿಕೊಂಡು ವಾರಗಟ್ಟಲೆ ಕ್ಯಾಥೆಟರ್‌ನಲ್ಲಿರುವ ಎಪ್ಪತ್ತೈದರವರಿಗೆ ‘ಚಿಕ್ಕ ಆಪರೇಷನ್ ಸಾಕು’ ಅಂತ ಇದನ್ನು ಆರಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕೆಲವು

ಅಕ್ವಾಬ್ಲೇಷನ್‌ನಲ್ಲಿ ಸ್ಕ್ಯಾನ್ ನೋಡುತ್ತಾ ಗಡಿ ಗುರುತಿಸಿ, ರೋಬೋಟ್ ಹಿಡಿತದ ನೀರಿನ ಚಿಲುಮೆಯಿಂದ ಗ್ರಂಥಿ ಕೊರೆಯುತ್ತಾರೆ. ಶಾಖ ಇಲ್ಲ. ಫಲ ಟರ್ಪ್‌ಗೆ ಹತ್ತಿರ, ವೀರ್ಯ ಉಳಿಯುವುದು ಅದಕ್ಕಿಂತ ಬಹಳ ಜಾಸ್ತಿ ಜನರಲ್ಲಿ. ಕೇಳಲು ಎರಡೂ ಕೈಗೆ ಸಿಕ್ಕಿದಂತೆ. ಆದರೆ ಶಾಖ ಇಲ್ಲದ್ದರಿಂದ ರಕ್ತಸ್ರಾವದ ಮೇಲೆ ಹೆಚ್ಚು ಕಣ್ಣಿಡಬೇಕು. ಯಂತ್ರ ಇರುವ ಆಸ್ಪತ್ರೆಗಳೂ ಕಡಿಮೆ.

ರಕ್ತನಾಳ ಮುಚ್ಚುವ ವಿಧಾನ, ಅಂದರೆ ಎಂಬೋಲೈಸೇಷನ್, ಯೂರಾಲಜಿಸ್ಟ್ ಮಾಡುವುದಲ್ಲ. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಟ್ಯೂಬ್ ಹಾಕಿ, ಗ್ರಂಥಿಗೆ ಹೋಗುವ ರಕ್ತ ನಿಲ್ಲಿಸುತ್ತಾರೆ. ಗ್ರಂಥಿ ತಿಂಗಳುಗಳಲ್ಲಿ ಕುಗ್ಗುತ್ತದೆ. ಅರಿವಳಿಕೆ ತಡೆಯಲಾರದ, ಬೇರೆ ಕಾಯಿಲೆಗಳಿಂದ ಬಳಲಿದ ಹಿರಿಯರಿಗೆ ಇದು ಬಹಳ ಉಪಯೋಗ. ಫಲ ಟರ್ಪ್‌ನಷ್ಟು ಬಲವಾಗಿರುವುದಿಲ್ಲ.

ಹೊಟ್ಟೆ ತೆರೆದು ಅಥವಾ ರೋಬೋಟ್ ಮೂಲಕ ಒಳಗ್ರಂಥಿ ತೆಗೆಯುವುದು ತುಂಬಾ ದೊಡ್ಡ ಗ್ರಂಥಿಗೆ, ಜೊತೆಗೆ ದೊಡ್ಡ ಕಲ್ಲು ಇದ್ದಾಗ. ಫಲ ಗಟ್ಟಿ. ಆದರೆ ಆಸ್ಪತ್ರೆ ವಾಸ ಹೆಚ್ಚು, ಕ್ಯಾಥೆಟರ್ ಸುಮಾರು ಒಂದು ವಾರ. ಹೋಲೆಪ್ ಸಿಗುವ ಕಡೆ ಇದರ ಅಗತ್ಯ ಕಡಿಮೆಯಾಗಿದೆ.

ಯಾರೂ ಬಾಯಿಬಿಟ್ಟು ಕೇಳದ ವಿಷಯ

ಟರ್ಪ್, ಹೋಲೆಪ್, ಗ್ರೀನ್‌ಲೈಟ್ ಆದ ಮೇಲೆ ಬಹುಪಾಲು ಗಂಡಸರಿಗೆ ವೀರ್ಯ ಹೊರಗೆ ಬರುವುದಿಲ್ಲ. ಮೂತ್ರಕೋಶದ ಬಾಯಿ ತೆರೆದೇ ಇರುವುದರಿಂದ ಹಿಂದಕ್ಕೆ ಹೋಗಿ, ಆಮೇಲೆ ಮೂತ್ರದ ಜೊತೆ ಹೋಗುತ್ತದೆ. ಟರ್ಪ್‌ನಲ್ಲಿ ಮೂವರಲ್ಲಿ ಇಬ್ಬರಿಗೆ, ಹೋಲೆಪ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಹೀಗಾಗುತ್ತದೆ. ಇದರಿಂದ ಆರೋಗ್ಯಕ್ಕೆ ಏನೂ ಕೆಟ್ಟದ್ದಾಗುವುದಿಲ್ಲ. ಸುಖ ಉಳಿಯುತ್ತದೆ, ಆದರೂ ಕೆಲವರಿಗೆ ಮೊದಲಿನ ಹಾಗಿಲ್ಲ ಅನ್ನಿಸಬಹುದು. ಉದ್ರೇಕ ಬಹುಪಾಲು ಮೊದಲಿನ ಹಾಗೇ ಇರುತ್ತದೆ. ಮಕ್ಕಳು ಬೇಕೆನ್ನುವವರು ಮಾತ್ರ ಆಪರೇಷನ್‌ಗೆ ಮುಂಚೆಯೇ ಮಾತಾಡಬೇಕು.

ಡಾಕ್ಟರ್ ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ವಯಸ್ಸಾಯಿತು, ಇನ್ನೇನು ಅಂತ ಬೇರೆಯವರು ತೀರ್ಮಾನಿಸಿಬಿಡುತ್ತಾರೆ. ನಿಮಗೆ ಇದು ಮುಖ್ಯವೋ ಅಲ್ಲವೋ ಅಂತ ನೀವೇ ಹೇಳಿ. ಹೆಂಡತಿಗೂ ಮೊದಲೇ ತಿಳಿಸಿ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ ಕೇಳಿ.

ಚೇತರಿಕೆ: ಪೇಪರಿನಲ್ಲಿ ಎರಡು ದಿನ, ಮೈಯಲ್ಲಿ ಆರು ವಾರ

ಎರಡು ದಿನದಲ್ಲಿ ಮನೆಗೆ ಅನ್ನುವುದು ನಿಜ. ಎರಡು ದಿನದಲ್ಲಿ ಗುಣ ಅನ್ನುವುದು ನಿಜವಲ್ಲ. ಹೊರಗೆ ಹೊಲಿಗೆ ಕಾಣದಿದ್ದರೂ ಒಳಗೆ ಹಸಿ ಗಾಯ ಇದೆ. ಅದರ ಮೇಲೆ ಮೂತ್ರ ದಿನವಿಡೀ ಹರಿಯುತ್ತದೆ. ಟರ್ಪ್ ಅಥವಾ ಲೇಸರ್ ಆದ ಮೇಲೆ ಅದು ಮಾಯಲು ನಾಲ್ಕರಿಂದ ಆರು ವಾರ, ಮೂತ್ರಕೋಶ ಪೂರ್ತಿ ಹದಕ್ಕೆ ಬರಲು ಕೆಲವರಿಗೆ ಮೂರು ತಿಂಗಳು.

ಮೊದಲ ದಿನ ಮೂರು ದಾರಿಯ ಕ್ಯಾಥೆಟರ್ ಇರುತ್ತದೆ. ಒಂದು ಕಡೆಯಿಂದ ಸಲೈನ್ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ರಕ್ತ ತೊಳೆದುಕೊಂಡು ಬರುತ್ತದೆ. ಚೀಲದಲ್ಲಿ ಕೆಂಪು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಒಂದು ಚಮಚ ರಕ್ತವೂ ಇಡೀ ಚೀಲವನ್ನು ಕೆಂಪು ಮಾಡುತ್ತದೆ. ನರ್ಸ್ ನೋಡುವುದು ಬಣ್ಣ ತಿಳಿಯಾಗುತ್ತಿದೆಯಾ, ಹರಿವು ನಿಂತಿಲ್ಲವಾ ಅನ್ನುವುದನ್ನು. ಹರಿವು ನಿಂತು ಕಿಬ್ಬೊಟ್ಟೆ ಬಿಗಿದರೆ ಕಾಯದೆ ಕರೆಯಿರಿ. ರಕ್ತದ ಹೆಪ್ಪು ಅಡ್ಡ ಸಿಕ್ಕಿರುತ್ತದೆ.

ಕ್ಯಾಥೆಟರ್ ಇದ್ದರೂ ಮೂತ್ರ ಬಂದ ಹಾಗೆ ಆಗುವುದು, ಪಕ್ಕದಿಂದ ಸ್ವಲ್ಪ ಜಿನುಗುವುದು ಮೂತ್ರಕೋಶದ ಸೆಳೆತದಿಂದ. ಮುಕ್ಕಿ ಒತ್ತಬೇಡಿ, ನರ್ಸ್‌ಗೆ ಹೇಳಿ. ಅದಕ್ಕೆ ಮಾತ್ರೆ ಇದೆ.

ಕ್ಯಾಥೆಟರ್ ತೆಗೆದ ದಿನವೇ ನಿಜವಾದ ಪರೀಕ್ಷೆ. ಮೊದಲ ಕೆಲವು ಸಲ ಉರಿ ಬರುತ್ತದೆ. ಅವಸರ ಬರುತ್ತದೆ. ಬಾತ್‌ರೂಮ್ ಮುಟ್ಟುವ ಮೊದಲೇ ಹನಿ ಬೀಳಬಹುದು. ಕೆಲವರಿಗೆ ಆ ದಿನ ಮೂತ್ರವೇ ಬರುವುದಿಲ್ಲ, ಮತ್ತೆ ಕ್ಯಾಥೆಟರ್ ಹಾಕಿ ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಆಪರೇಷನ್ ಕೆಟ್ಟಿತು ಅಂತ ಅದಕ್ಕೆ ಅರ್ಥ ಅಲ್ಲ. ಊತ ಇಳಿದಿಲ್ಲ ಅಷ್ಟೇ, ಅಥವಾ ಮೂತ್ರಕೋಶ ಇನ್ನೂ ದಣಿದಿದೆ.

ಆಮೇಲೆ ಬರುವುದು ಹತ್ತನೇ ದಿನದ ಗಾಬರಿ. ಮೂತ್ರ ತಿಳಿಯಾಗಿತ್ತು, ಎಲ್ಲ ಸರಿಹೋಯಿತು ಅಂತ ಓಡಾಡಲು ಶುರು ಮಾಡಿರುತ್ತೀರಿ. ಹತ್ತರಿಂದ ಹದಿನಾಲ್ಕು ದಿನದ ನಡುವೆ ಮತ್ತೆ ಕೆಂಪು. ಒಳಗಿನ ಗಾಯದ ಹೊಪ್ಪಳೆ ಕಳಚುವ ಹೊತ್ತು ಅದು. ಚೆನ್ನಾಗಿ ನೀರು ಕುಡಿದು, ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಇದನ್ನು ಡಿಸ್ಚಾರ್ಜ್ ದಿನವೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡಬೇಕು ಅನ್ನುವುದು ನನ್ನ ಆಸೆ. ಎಷ್ಟೋ ರಾತ್ರಿಯ ಓಟ ತಪ್ಪುತ್ತದೆ.

ನೀರು ದಿನಕ್ಕೆ ಎರಡು ಲೀಟರ್ ಸುತ್ತಮುತ್ತ ಸಾಕು, ಹೃದಯ ಅಥವಾ ಕಿಡ್ನಿ ತೊಂದರೆಗೆ ಮಿತಿ ಹಾಕಿದ್ದರೆ ಅದರಂತೆ. ಹೆಚ್ಚು ಒಳ್ಳೆಯದು ಅಂತ ನಾಲ್ಕೈದು ಲೀಟರ್ ಕುಡಿದರೆ ಅವಸರ ಹೆಚ್ಚಾಗುತ್ತದೆ ಅಷ್ಟೇ. ಕಾಫಿ, ಟೀ, ಮದ್ಯ ಮೂತ್ರಕೋಶವನ್ನು ಕೆರಳಿಸುತ್ತವೆ, ಕೆಲವು ವಾರ ಕಡಿಮೆ ಮಾಡಿ.

ಮಲಬದ್ಧತೆ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ರಕ್ತ ಮತ್ತೆ ಬರಲು ಅದೂ ಒಂದು ಕಾರಣ. ಮುಕ್ಕಿದಾಗ ಒತ್ತಡವೆಲ್ಲ ಗಾಯದ ಮೇಲೆ ಬೀಳುತ್ತದೆ. ನಾರಿನ ಆಹಾರ ತಿನ್ನಿ, ಬೇಕಾದರೆ ಡಾಕ್ಟರನ್ನು ಕೇಳಿ ಮಲ ಸಡಿಲಿಸುವ ಔಷಧಿ ತೆಗೆದುಕೊಳ್ಳಿ.

ನಡೆಯುವುದು ಮೊದಲ ದಿನದಿಂದಲೇ ಒಳ್ಳೆಯದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಭಾರ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊಮ್ಮಗು ಎಲ್ಲ ಭಾರವೇ. ಸೈಕಲ್, ಬೈಕ್ ಸೀಟಿನ ಮೇಲೆ ಕೂರುವುದನ್ನೂ ಅಷ್ಟು ದಿನ ಬಿಡಿ. ಲೈಂಗಿಕ ಸಂಪರ್ಕಕ್ಕೂ ಡಾಕ್ಟರುಗಳು ಸಾಮಾನ್ಯವಾಗಿ ಇದೇ ಗಡುವು ಹೇಳುತ್ತಾರೆ. ಕುರ್ಚಿ ಕೆಲಸದವರು ಎರಡು ವಾರದ ಆಸುಪಾಸಿನಲ್ಲಿ ಕೆಲಸಕ್ಕೆ ಹೋಗಬಹುದು. ಯೂರೋಲಿಫ್ಟ್ ಆದವರು ಕೆಲವೇ ದಿನಗಳಲ್ಲಿ.

ಜಿನುಗುವುದಕ್ಕೆ ಕೆಗೆಲ್ ವ್ಯಾಯಾಮ ಇದೆ. ಗ್ಯಾಸ್ ಹೊರಹೋಗದಂತೆ ಹಿಡಿಯುವಾಗ ಬಿಗಿಯಾಗುವ ಸ್ನಾಯು ಯಾವುದೋ ಅದನ್ನೇ ಬಿಗಿಹಿಡಿದು, ಐದು ಸೆಕೆಂಡ್ ಇಟ್ಟು, ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಆಪರೇಷನ್‌ಗೆ ಎರಡು-ಮೂರು ವಾರ ಮುಂಚೆಯೇ ಕಲಿತುಕೊಂಡರೆ ಆಮೇಲೆ ಸುಲಭ. ಕ್ಯಾಥೆಟರ್ ಇರುವಾಗ ಮಾತ್ರ ಮಾಡಬೇಡಿ.

ಯಾವಾಗ ಕಾಯಬಾರದು? ಮೂತ್ರ ಪೂರ್ತಿ ನಿಂತರೆ. ರಕ್ತ ಗಟ್ಟಿ ಕೆಂಪಾಗಿ, ಹೆಪ್ಪು ಹೆಪ್ಪಾಗಿ ಬಂದು ನೀರು ಕುಡಿದರೂ ತಿಳಿಯಾಗದಿದ್ದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ಚಳಿ ನಡುಕ ಬಂದರೆ. ವೃಷಣ ಊದಿ ನೋವಾದರೆ. ಮೀನಖಂಡ ಊದಿ ನೋವಾದರೆ, ಉಸಿರಾಟ ಕಷ್ಟವಾದರೆ. ಇವುಗಳಲ್ಲಿ ಯಾವುದಾದರೂ ಒಂದಾದರೂ ರಾತ್ರಿ ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಹೋಗಿ.

ಆಪರೇಷನ್ ಸರಿಮಾಡದೇ ಇರುವುದು

ಧಾರೆ ಚೆನ್ನಾಗಿ ಬರುತ್ತದೆ, ಮುಕ್ಕುವುದು ನಿಲ್ಲುತ್ತದೆ. ರಾತ್ರಿ ಏಳುವುದು ಮಾತ್ರ ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ನಾಲ್ಕು ಸಲ ಎರಡಕ್ಕೆ ಇಳಿಯಬಹುದು. ಯಾಕೆಂದರೆ ರಾತ್ರಿ ಏಳಿಸುವುದು ಪ್ರಾಸ್ಟೇಟ್ ಒಂದೇ ಅಲ್ಲ. ವಯಸ್ಸಾದಂತೆ ಕಿಡ್ನಿ ರಾತ್ರಿ ಹೊತ್ತು ಜಾಸ್ತಿ ಮೂತ್ರ ಮಾಡುತ್ತದೆ, ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳುತ್ತದೆ, ಗೊರಕೆ ಹೊಡೆದು ಉಸಿರು ಕಟ್ಟುವ ಕಾಯಿಲೆಯೂ ಕಾರಣ ಇರಬಹುದು. ರಾತ್ರಿ ಏಳುವುದೊಂದೇ ನಿಮ್ಮ ತೊಂದರೆಯಾದರೆ, ಮೂರು ದಿನ ಯಾವಾಗ ಎಷ್ಟು ಮಿ.ಲೀ. ಮೂತ್ರ ಅಂತ ಬರೆದಿಟ್ಟು ತೋರಿಸಿ, ಆಮೇಲೆ ಆಪರೇಷನ್ ಮಾತು.

ಪ್ರಾಸ್ಟೇಟ್ ತೆಗೆದಾಯಿತು, ಇನ್ನು ಕ್ಯಾನ್ಸರ್ ಭಯ ಇಲ್ಲ ಅಂದುಕೊಳ್ಳುವವರೂ ಇದ್ದಾರೆ. ಇಲ್ಲಿ ಹೇಳಿದ ಯಾವ ಆಪರೇಷನ್‌ನಲ್ಲೂ ಗ್ರಂಥಿಯನ್ನು ಪೂರ್ತಿ ತೆಗೆಯುವುದಿಲ್ಲ. ಹೊರಭಾಗ ಅಲ್ಲೇ ಇರುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದೂ ಅಲ್ಲೇ. ಟರ್ಪ್, ಹೋಲೆಪ್ ಆದವರು ಬಯಾಪ್ಸಿ ರಿಪೋರ್ಟ್ ಕೇಳಿ ಪಡೆದು ಇಟ್ಟುಕೊಳ್ಳಿ. ಪಿಎಸ್‌ಎ, ಅದರಲ್ಲೂ ಹೋಲೆಪ್ ಆದ ಮೇಲೆ, ಬಹಳ ಕೆಳಗೆ ಇಳಿಯುತ್ತದೆ. ಮೂರು ತಿಂಗಳ ಸುಮಾರಿಗೆ ಒಮ್ಮೆ ಮಾಡಿಸಿ, ಬಂದ ಸಂಖ್ಯೆಯನ್ನು ಹೊಸ ಲೆಕ್ಕ ಅಂತ ಬರೆದಿಡಿ. ಮುಂದೆ 3 ಬಂದರೆ ಹೊಸ ಡಾಕ್ಟರ್ ನಾರ್ಮಲ್ ಅನ್ನಬಹುದು. ಆಪರೇಷನ್ ನಂತರ 0.5 ಇದ್ದದ್ದು 3 ಆಗಿದೆ ಅಂತ ತೋರಿಸಲು ನಿಮ್ಮ ಹತ್ತಿರ ಆ ಹಳೆಯ ರಿಪೋರ್ಟ್ ಇರಬೇಕು.